ಎಂಬತ್ತೇಳನೇ ನಂಬರಿನ ಜೆರ್ಸಿ

ವರ್ನ್ ಟೋಬಿನ್ ಯಾವ ಕಾಲೇಜಿಗೆ ಹೋದರೂ ಮೊದಲು ಕೋಚ್ ಕೋಣೆಯ ಬಾಗಿಲು ತಟ್ಟುತ್ತಿರಲಿಲ್ಲ. ನೆಟ್ಟಗೆ ಬಟ್ಟೆ ಒಗೆಯುವ ಕೋಣೆಗೆ ಹೋಗುತ್ತಿದ್ದ. ಅಲ್ಲಿ ಟವೆಲ್ಲು, ಜೆರ್ಸಿ ಮಡಿಸುತ್ತ ಕೂತವನ ಕೈಗೆ ಬಿಸಿ ಕಾಫಿ ಕೊಟ್ಟು, ಒಂದು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ತಾನೂ ಕೂರುತ್ತಿದ್ದ. ಹಿಮ ಎಷ್ಟು ಬಿತ್ತು, ಮೊಣಕಾಲು ಹೇಗಿದೆ ಎಂಬಲ್ಲಿಂದ ಮಾತು ಶುರುವಾಗಿ, ಯಾವ ಹುಡುಗ ಟವೆಲ್ಲನ್ನು ಬುಟ್ಟಿಗೆ ಹಾಕುತ್ತಾನೆ, ಯಾವನು ನೆಲಕ್ಕೆಸೆದು ಹೋಗುತ್ತಾನೆ ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಕೋಚ್‌ಗಳು ತಮ್ಮ ಹುಡುಗರನ್ನು ಹೊಗಳಿ ಹೊಗಳಿ ಮಾರುತ್ತಾರೆ, ಬಟ್ಟೆ ಒಗೆಯುವವನಿಗೆ ಮಾರುವುದಕ್ಕೆ ಏನೂ ಇಲ್ಲ ಎಂಬುದು ಅವನ ಲೆಕ್ಕಾಚಾರ. ಮೂವತ್ತೊಂದು ವರ್ಷದಲ್ಲಿ ಈ ಲೆಕ್ಕ ತಪ್ಪಿದ್ದನ್ನು ನಾನಂತೂ ಕೇಳಿಲ್ಲ.

ಸರೋವರದ ದಡದ ನಮ್ಮೂರಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಅವನು ಸ್ಕೌಟ್. ಕಾಲೇಜು ಕಾಲೇಜು ಅಲೆದು, ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ, ಅಂದರೆ ದೊಡ್ಡ ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸುವ ಏಳು ಸುತ್ತುಗಳಲ್ಲಿ, ಯಾರನ್ನು ಆರಿಸಿಕೊಳ್ಳಬಹುದು ಎಂದು ಹೇಳುವುದು ಕೆಲಸ. ಅದರಲ್ಲೂ ಟೈಟ್ ಎಂಡ್ ಎಂದರೆ ತಂಡದವರೆಲ್ಲ ವರ್ನ್ ಕಡೆ ತಿರುಗುತ್ತಿದ್ದರು. ಟೈಟ್ ಎಂಡ್ ಸಾಲಿನ ತುದಿಯಲ್ಲಿ ನಿಲ್ಲುವವನು. ಒಂದು ಸಲ ಎದುರಿನ ದಾಂಡಿಗನಿಗೆ ಎದೆ ಕೊಟ್ಟು ತಡೆಯಬೇಕು, ಮರು ಸಲ ಸಣಕಲು ಓಟಗಾರರ ಜೊತೆ ಓಡಿ ಚೆಂಡು ಹಿಡಿಯಬೇಕು. ಚೆಂಡು ಹಿಡಿದರೆ ಇಡೀ ಮೈದಾನ ಎದ್ದು ನಿಲ್ಲುತ್ತದೆ, ದಾಂಡಿಗನನ್ನು ತಡೆದರೆ ಅವನ ತಾಯಿಗೂ ಗೊತ್ತಾಗುವುದಿಲ್ಲ. ಹೀಗಾಗಿ ಚೆಂಡು ಹಿಡಿಯುವವರು ಬೇಕಾದಷ್ಟು. ಯಾರೂ ನೋಡದ ಆ ಇನ್ನೊಂದು ಕೆಲಸವನ್ನು ಮನಸ್ಸಿಟ್ಟು ಮಾಡುವವನು ಸಿಗುವುದೇ ಅಪರೂಪ, ಅವನನ್ನು ಹುಡುಕುವುದರಲ್ಲೇ ವರ್ನ್ ಆಯಸ್ಸು ಸವೆಸಿದ್ದ.

ತಾನೂ ಒಂದು ಕಾಲದಲ್ಲಿ ಅದೇ ಜಾಗದಲ್ಲಿ ಆಡಿದವನು. ಇಪ್ಪತ್ತೆರಡಕ್ಕೆ ಮೊಣಕಾಲು ಹೋಯಿತು, ಯಾವ ತಂಡವೂ ಕರೆಯಲಿಲ್ಲ. ಇದನ್ನು ಅವನು ದುಃಖದ ಕಥೆಯಾಗಿ ಹೇಳಿದ್ದಿಲ್ಲ. "ಕರೆದಿದ್ರೆ ಮೂರು ವರ್ಷ ಆಡ್ತಿದ್ದೆ. ಕರೀಲಿಲ್ಲ, ಮೂವತ್ತೊಂದು ವರ್ಷ ನೋಡಿದೆ," ಎಂದು ನಗುತ್ತಿದ್ದ. ಹೊಸ ಸ್ಕೌಟ್‌ಗಳಿಗೆ ಅವನು ಹೇಳುತ್ತಿದ್ದದ್ದು ಒಂದೇ ಪಾಠ: ನಂಬರ್ ನೋಡಬೇಡಿ, ಕಾಲು ನೋಡಿ. ಆ ಪಾಠವನ್ನು ಅವನೇ ಮರೆತದ್ದು ಹೋದ ಅಕ್ಟೋಬರ್‌ನಲ್ಲಿ.

ಆ ತಿಂಗಳು ಅವನ ಹೆಂಡತಿ ಲೊರೇನ್‌ಗೆ ಸೊಂಟದ ಆಪರೇಷನ್ ಆಗಿತ್ತು. ಡಕೋಟಾ ಕಡೆಗೆ ಹೋಗಬೇಕಾದವನು ಮನೆಯಲ್ಲೇ ಉಳಿದು, ಅವಳಿಗೆ ಸೂಪು ಕಾಯಿಸಿಕೊಡುತ್ತ, ಅಡುಗೆಮನೆಯ ಮೇಜಿನ ಮೇಲೆ ಆಟಗಳ ಫಿಲಂ ನೋಡಿದ. ಆ ಕಡೆಯ ಹಾಲ್ವರ್ಸನ್ ಎಂಬ ಪುಟ್ಟ ಕಾಲೇಜಿನ ಟೈಟ್ ಎಂಡ್ ಒಬ್ಬನಿದ್ದ, ಕೋಲ್ಬಿ ನೆಸ್. ನಂಬರ್ ಎಂಬತ್ತೇಳು. ಅವನ ಮೂರು ಆಟಗಳಲ್ಲಿ ಎರಡು ಲೆಕ್ಕಕ್ಕಿಲ್ಲದ ತಂಡಗಳ ವಿರುದ್ಧ, ಒಂದು ಮಾತ್ರ ಬಲವಾದ ತಂಡದ ವಿರುದ್ಧ. ಆ ಆಟದ ಮೊದಲರ್ಧದಲ್ಲಿ ಎಂಬತ್ತೇಳು ಎದುರಾಳಿಯನ್ನು ಬೀರು ತಳ್ಳಿದ ಹಾಗೆ ತಳ್ಳುತ್ತಿದ್ದ. ಎರಡನೇ ಅರ್ಧದಲ್ಲಿ ಅದೇ ಎಂಬತ್ತೇಳು ಪಕ್ಕಕ್ಕೆ ಸರಿದ, ತಬ್ಬಿಬ್ಬಾದ, ಎರಡು ಸಲ ಅಂಗಾತ ಬಿದ್ದ. ವರ್ನ್ ಬೇಸರದಿಂದ ವರದಿ ಬರೆದ: "ದಣಿದರೆ ಗುದ್ದಲು ಮನಸ್ಸಿಲ್ಲ. ನಮಗೆ ಬೇಡ." ತಂಡದ ಆಫೀಸಿನಲ್ಲಿ ಆರಿಸಬಹುದಾದ ಹುಡುಗರ ಹಲಗೆಯ ಮೇಲಿದ್ದ ಕೋಲ್ಬಿಯ ಚೀಟಿಯನ್ನು ಕಿತ್ತು ಬೇಡವಾದವರ ಡಬ್ಬಿಗೆ ಹಾಕಿದರು. ಬೇರೆ ಯಾವ ತಂಡದ ಸ್ಕೌಟೂ ಅಷ್ಟು ದೂರ ಹೋಗಿರಲಿಲ್ಲ. ಹುಡುಗನ ಆಸೆ ಅಲ್ಲಿಗೆ ಮುಗಿದಂತೆಯೇ.

ಮಾರ್ಚ್‌ನಲ್ಲಿ ಬೇರೊಂದು ಕಾಲೇಜಿಗೆ ಹೊರಟಾಗ ಹಾಲ್ವರ್ಸನ್ ದಾರಿಯಲ್ಲಿ ಸಿಕ್ಕಿತು. ಅಲ್ಲಿ ಬಟ್ಟೆ ಒಗೆಯುವ ಆರ್ವಿಡ್ ಮೋಯೆನ್ ಇಪ್ಪತ್ತು ವರ್ಷದ ಗೆಳೆಯ. ಕಾಫಿ ಕೊಡದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.

"ಅಂತೂ ಬಂದ್ಯಲ್ಲಪ್ಪ ಮಹಾರಾಯ. ಸತ್ತೇ ಹೋದೆ ಅಂದ್ಕೊಂಡಿದ್ದೆ," ಎಂದ ಆರ್ವಿಡ್, ಜೆರ್ಸಿ ಹೊಲಿಯುತ್ತಿದ್ದ ಸೂಜಿಯಿಂದ ಕಣ್ಣೆತ್ತದೆ.

"ಲೊರೇನ್‌ಗೆ ಹುಷಾರಿರ್ಲಿಲ್ಲ ಕಣೋ."

"ಈಗ?"

"ನನಗಿಂತ ಜೋರಾಗಿ ನಡೀತಾಳೆ."

"ಅದೇನು ದೊಡ್ಡ ವಿಷಯ ಬಿಡು, ನಿನಗಿಂತ ನನ್ನ ವಾಷಿಂಗ್ ಮೆಷೀನ್ ಜೋರಾಗಿ ನಡೆಯುತ್ತೆ." ಆರ್ವಿಡ್ ಕಾಫಿ ಹೀರಿದ. "ನಮ್ಮ ಕೋಲ್ಬೀನ ನೋಡೋಕೆ ಬಂದ್ಯಾ?"

ವರ್ನ್ ಬಕೆಟ್ಟನ್ನು ಬೋರಲು ಹಾಕಿ ಕೂತ. "ಅವನ ವಿಷಯ ಮುಗೀತು ಆರ್ವಿಡ್. ದೊಡ್ಡ ಆಟದಲ್ಲಿ ಎರಡನೇ ಅರ್ಧ ನೋಡ್ದೆ. ಕೈ ಚೆಲ್ಲಿಬಿಟ್ಟ."

ಆರ್ವಿಡ್ ಕಾಫಿ ಲೋಟ ಕೆಳಗಿಟ್ಟ. "ಎರಡನೇ ಅರ್ಧದಲ್ಲಿ ಅವನು ಆಡೇ ಇಲ್ವಲ್ಲೋ."

"ಎಂಬತ್ತೇಳು. ಕಣ್ಣಾರೆ ನೋಡಿದೀನಿ."

"ಜೆರ್ಸಿ ನೋಡಿದೀಯ. ಅದನ್ನ ಒಗೆದೋನು ನಾನು."

ಆಮೇಲೆ ಆರ್ವಿಡ್ ಹೇಳಿದ್ದು ಇಷ್ಟು. ಮೊದಲರ್ಧದ ಕೊನೆಗೆ ಕೋಲ್ಬಿಯ ಗದ್ದ ಒಡೆದು ಹನ್ನೊಂದು ಹೊಲಿಗೆ ಬಿತ್ತು, ಡಾಕ್ಟರು ಇನ್ನು ಆಡಕೂಡದು ಎಂದರು. ಅವನ ಬದಲಿಗೆ ಇಳಿಯಬೇಕಾಗಿದ್ದ ಮೊದಲ ವರ್ಷದವನ ಜೆರ್ಸಿ, ಮೊದಲರ್ಧದಲ್ಲಿ ಒಮ್ಮೆ ಮೈದಾನಕ್ಕಿಳಿದಾಗಲೇ, ಹೆಗಲಿಂದ ಸೊಂಟದವರೆಗೆ ಸೀಳಿಹೋಗಿತ್ತು. ಪೆಟ್ಟಿಗೆಯಲ್ಲಿ ಉಳಿದಿದ್ದದ್ದು ಎಪ್ಪತ್ತೆರಡು, ಎಪ್ಪತ್ತಾರು ಎರಡೇ. ಎಪ್ಪತ್ತರ ಸಾಲಿನ ನಂಬರ್ ಎದುರಾಳಿಯನ್ನು ತಡೆಯಲಷ್ಟೇ ನಿಲ್ಲುವ ದಾಂಡಿಗರದು, ಅದನ್ನು ತೊಟ್ಟವನು ಚೆಂಡು ಹಿಡಿಯುವಂತಿಲ್ಲ, ಅಂದರೆ ಟೈಟ್ ಎಂಡ್ ಆಗುವಂತಿಲ್ಲ. ದೊಡ್ಡ ಕಾಲೇಜುಗಳಲ್ಲಿ ಒಂದೊಂದು ನಂಬರಿಗೂ ನಾಲ್ಕು ಜೆರ್ಸಿ ಇರುತ್ತವೆ, ಹಾಲ್ವರ್ಸನ್‌ನಲ್ಲಿ ಒಂದೇ.

"ಹೊಲಿಗೆ ಹಾಕಿಸ್ಕೊಳ್ತಾ ಕೂತೋನು ತಾನೇ ಕಳಚಿ ಕೊಟ್ಟ," ಎಂದ ಆರ್ವಿಡ್. "ರೆಫರಿಗೆ ಹೇಳಿದ್ವಿ, ಮೈಕಲ್ಲೂ ಕೂಗಿದ್ರು."

ಮೈಕಿನಲ್ಲಿ ಕೂಗಿದ್ದು ಫಿಲಂನಲ್ಲಿ ಎಲ್ಲಿಂದ ಬರಬೇಕು? ಸ್ಕೌಟ್‌ಗಳು ನೋಡುವ ಫಿಲಂ ಮೈದಾನದ ಮೇಲಿನಿಂದ ತೆಗೆದದ್ದು, ಮೂಕ ಚಿತ್ರ. ಪ್ರತಿ ವರ್ಷದಂತೆ ಅಕ್ಟೋಬರ್‌ನಲ್ಲಿ ಈ ಬಕೆಟ್ಟಿನ ಮೇಲೆ ಬಂದು ಕೂತಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು.

"ಅವನ್ಯಾಕೆ ಯಾರಿಗೂ ಹೇಳ್ಲಿಲ್ಲ?"

"ಹೇಳಿದ್ರೆ ಆ ಚಿಕ್ಕವನು ಹೇಗೆ ಆಡ್ದ ಅನ್ನೋದೂ ಬಯಲಾಗುತ್ತಲ್ಲ. ಅದಕ್ಕೇ ಇರ್ಬೇಕು. ಕೇಳಿದೋರಾದ್ರೂ ಯಾರಿದ್ರು? ಬರೋನು ನೀನೊಬ್ಬ, ನೀನೂ ಬರ್ಲಿಲ್ಲ."

ವರ್ನ್ ಕಾರಿನಿಂದ ಕಂಪ್ಯೂಟರ್ ತಂದು, ಮಡಿಸಿದ ಟವೆಲ್ಲುಗಳ ಮೇಲಿಟ್ಟು ಫಿಲಂ ಹಾಕಿದ. ಈ ಸಲ ಕಾಲು ನೋಡಿದ. ಮೊದಲರ್ಧದ ಎಂಬತ್ತೇಳಕ್ಕೆ ಬಲಗಾಲಿನ ಬೂಟಿನ ಮೇಲೆ ಬಿಳಿ ಟೇಪು ಸುತ್ತಿತ್ತು. ಎರಡನೇ ಅರ್ಧದ ಎಂಬತ್ತೇಳಕ್ಕೆ ಟೇಪೇ ಇಲ್ಲ. ಅಷ್ಟೇ ಅಲ್ಲ, ಆರ್ವಿಡ್ ಬೆರಳಿಟ್ಟು ತೋರಿಸಿದ ಕಡೆ, ಅಂಚಿನ ಗೆರೆಯ ಆಚೆ, ಬೂದು ಬನಿಯನ್ ತೊಟ್ಟವನೊಬ್ಬ ಗದ್ದಕ್ಕೆ ಬ್ಯಾಂಡೇಜು ಕಟ್ಟಿಕೊಂಡು ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದ. ಪ್ರತಿ ಸಲ ಆಟ ಮತ್ತೆ ಶುರುವಾಗುವ ಮುಂಚೆ ಚಿಕ್ಕವನಿಗೆ ಕೈಮಾಡಿ ಎಲ್ಲಿ ನಿಲ್ಲಬೇಕೆಂದು ತೋರಿಸುತ್ತಿದ್ದ. ಚಿಕ್ಕವನು ಅಂಗಾತ ಬಿದ್ದ ಎರಡು ಸಲವೂ, ಏಳು ಏಳು ಎಂಬಂತೆ ಮೊದಲು ಚಪ್ಪಾಳೆ ತಟ್ಟಿದವನು ಇವನೇ.

"ಅಯ್ಯೋ ದೇವರೇ," ಎಂದ ವರ್ನ್ ಮೆಲ್ಲಗೆ. ಕಣ್ಣು ತುಂಬಿತು. ನಾಚಿಕೆಯೂ ಇತ್ತು, ಆದರೆ ಅದಕ್ಕಿಂತ ಹೆಚ್ಚಾಗಿ ಇದು ಮಾರ್ಚ್‌ನಲ್ಲಿ ಗೊತ್ತಾಯಿತಲ್ಲ, ಡ್ರಾಫ್ಟ್ ಮುಗಿದ ಮೇಲೆ ಮೇ ತಿಂಗಳಲ್ಲಿ ಅಲ್ಲವಲ್ಲ ಎಂಬ ಸಮಾಧಾನಕ್ಕೆ. ಆರ್ವಿಡ್‌ನ ಒರಟು ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನೀನು ನನ್ನ ಮಾನ ಉಳಿಸ್ದೆ ಕಣೋ."

"ಮಾನ ಗೀನ ಎಲ್ಲ ಇರ್ಲಿ. ಟವೆಲ್ ಮೇಲೆ ಕಾಫಿ ಚೆಲ್ತೀಯ, ಮೊಣಕೈ ನೋಡ್ಕೋ."

ಮನೆಗೆ ಬರುವ ದಾರಿಯುದ್ದಕ್ಕೂ ಒಂದು ಯೋಚನೆ ಅವನನ್ನು ಕೊರೆಯಿತು. ತಂಡದ ಸ್ಕೌಟ್‌ಗಳ ಮೇಲೆ ಈಗ ಪ್ರಿಸಿಲ್ಲಾ ಓಡಮ್ ಎಂಬವಳಿದ್ದಳು, ಚುರುಕು ಹೆಂಗಸು. ಬಂದ ಎರಡು ವರ್ಷದಲ್ಲಿ ನಾಲ್ವರು ಹಳಬರನ್ನು ಮನೆಗೆ ಕಳಿಸಿದ್ದಳು. ವರ್ನ್‌ನ ಕರಾರು ಮೇ ತಿಂಗಳ ಕೊನೆಗೆ ಮುಗಿಯುವುದಿತ್ತು. ತಾನು ಅರ್ಧ ಆಟ ಇನ್ಯಾರನ್ನೋ ನೋಡಿ ವರದಿ ಬರೆದೆ ಎಂದು ಒಪ್ಪಿಕೊಂಡರೆ ಐದನೆಯವನು ತಾನೇ. ಹುಡುಗ ಈಚೆಗೆ ಸುಧಾರಿಸಿದ್ದಾನೆ ಎಂದು ಜಾಣತನದಿಂದ ಹೇಳಬಹುದಿತ್ತು. ಆದರೆ ಚಳಿಗಾಲದಲ್ಲಿ ಪಂದ್ಯಗಳಿಲ್ಲ, ಯಾರೂ ಯಾರನ್ನೂ ಗುದ್ದುವುದಿಲ್ಲ, ಚಡ್ಡಿ ಹಾಕಿಕೊಂಡು ಓಡುವುದನ್ನು ನೋಡಿ ಅದು ಗೊತ್ತಾಯಿತೆಂದರೆ ನಂಬುವ ಪೆದ್ದರು ಆ ಕೋಣೆಯಲ್ಲಿರಲಿಲ್ಲ. ನಿಜ ಹೇಳದೆ ಚೀಟಿ ಹಲಗೆಗೆ ಹತ್ತುವುದಿಲ್ಲ.

ಲೊರೇನ್ ಪೂರ್ತಿ ಕೇಳಿಸಿಕೊಂಡಳು. "ನಾನು ಮಲಗಿದ್ದಾಗ ಬರೆದಿದ್ದಲ್ವಾ ಅದು?"

"ನಿನ್ನಿಂದ ಅಲ್ಲ. ನನ್ನ ಸೋಮಾರಿತನದಿಂದ."

"ನೀನು ಕೊಟ್ಟ ಸೂಪೂ ಉಪ್ಪಾಗಿತ್ತು, ವರದಿನೂ ಕೆಟ್ಟಿತ್ತು. ಆ ತಿಂಗಳು ಒಂದೂ ನೆಟ್ಟಗೆ ಮಾಡಿಲ್ಲ ನೀನು." ಅವಳು ಅವನ ಬೆನ್ನು ತಟ್ಟಿದಳು. "ಹೋಗಿ ಹೇಳು. ಕೆಲಸ ಹೋದ್ರೆ ಮನೇಲಿರು, ಉಪ್ಪು ಎಷ್ಟು ಹಾಕ್ಬೇಕು ಅಂತ ಕಲಿಸ್ತೀನಿ."

ಇಂಥವಳು ಮನೆಯಲ್ಲಿದ್ದದ್ದಕ್ಕೆ ವರ್ನ್ ಆ ಹೊತ್ತು ಮನಸ್ಸಿನಲ್ಲೇ ಕೈಮುಗಿದ. ಮೂವತ್ತೊಂದು ವರ್ಷ ವಾರಗಟ್ಟಲೆ ಹೊರಗಿದ್ದವನನ್ನು ಸಹಿಸಿಕೊಂಡವಳು, ಹಾಗೆ ಸಹಿಸಿದ್ದನ್ನು ಒಮ್ಮೆಯೂ ಎತ್ತಿ ಆಡದವಳು.

ಪ್ರಿಸಿಲ್ಲಾ ಒಂದು ಪದ್ಧತಿ ತಂದಿದ್ದಳು. ಏಪ್ರಿಲ್‌ನ ಸಭೆಯಲ್ಲಿ ಪ್ರತಿಯೊಬ್ಬ ಸ್ಕೌಟೂ ತನ್ನ ವರದಿಯನ್ನು ನಿಂತುಕೊಂಡು ಗಟ್ಟಿಯಾಗಿ ಓದಬೇಕು. ಟೈಟ್ ಎಂಡ್‌ಗಳ ಸರದಿ ಮುಗಿದ ಮೇಲೂ ವರ್ನ್ ಕೂರಲಿಲ್ಲ.

"ಇನ್ನೊಂದು ಇದೆ. ಕೋಲ್ಬಿ ನೆಸ್."

"ಅವನ ಚೀಟಿ ಕಿತ್ತು ಆರು ತಿಂಗಳಾಯ್ತು ಮಾರಾಯ. ಏನು, ಎದ್ದು ಬಂದ್ನಾ?" ಎಂದ ಪಕ್ಕದವನೊಬ್ಬ. ಎಲ್ಲರೂ ನಕ್ಕರು.

ವರ್ನ್ ಅಕ್ಟೋಬರ್‌ನ ವರದಿಯನ್ನು ಓದಿದ. ದಣಿದರೆ ಗುದ್ದಲು ಮನಸ್ಸಿಲ್ಲ, ನಮಗೆ ಬೇಡ. ಓದಿ ಕನ್ನಡಕ ತೆಗೆದ. "ಇದು ಸುಳ್ಳು. ಎರಡನೇ ಅರ್ಧದಲ್ಲಿ ನಾನು ನೋಡಿದ್ದು ಬೇರೆ ಹುಡುಗನ್ನ," ಎಂದು ಶುರುಮಾಡಿ, ಹರಿದ ಜೆರ್ಸಿ, ಎಪ್ಪತ್ತರ ಸಾಲು, ಗದ್ದದ ಹೊಲಿಗೆ, ಎಲ್ಲವನ್ನೂ ಒಂದೂ ಬಿಡದೆ ಹೇಳಿದ. ನಗು ನಿಂತಿತ್ತು.

ಪ್ರಿಸಿಲ್ಲಾ ಪೆನ್ನು ಕೆಳಗಿಟ್ಟಳು. "ನೀವು ತಪ್ಪಿದ್ದು ಯಾರ್ಯಾರಿಗೆ ಗೊತ್ತು?"

"ಬಟ್ಟೆ ಒಗೆಯೋ ಆರ್ವಿಡ್‌ಗೆ. ನನಗೆ. ನನ್ನ ಹೆಂಡ್ತಿಗೆ."

"ಅಂದ್ರೆ ನೀವು ಸುಮ್ನಿದ್ದಿದ್ರೆ ನನಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ."

"ಇಲ್ಲಮ್ಮ."

"ಫಿಲಂ ಹಾಕಿ," ಎಂದಳು.

ಗೋಡೆಯ ಮೇಲೆ ಮೊದಲರ್ಧ ಓಡಿತು. ಬಿಳಿ ಟೇಪಿನ ಕಾಲು ಹೂತ ಕಂಬದ ಹಾಗೆ ನೆಲ ಹಿಡಿದು ನಿಲ್ಲುವುದನ್ನೂ, ಎದುರಿನವನು ಹಿಂದೆ ಹಿಂದೆ ಹೋಗುವುದನ್ನೂ ಎಲ್ಲರೂ ನೋಡಿದರು. ಆಮೇಲೆ ಎರಡನೇ ಅರ್ಧ. ವರ್ನ್ ಎದ್ದು ಹೋಗಿ ಗೋಡೆಯ ಮೇಲೆ ಅಂಚಿನ ಗೆರೆಯ ಆಚೆಗಿನ ಬೂದು ಬನಿಯನ್ನನ್ನು ತೋರಿಸಿದ. ಪ್ರಿಸಿಲ್ಲಾ ಅದೇ ತುಣುಕನ್ನು ಮೂರು ಸಲ ಹಾಕಿಸಿದಳು. ಆಮೇಲೆ ತಾನೇ ಡಬ್ಬಿ ತಡಕಿ, ಕೋಲ್ಬಿಯ ಚೀಟಿ ಹುಡುಕಿ, ಹಲಗೆಯ ಏಳನೇ ಸುತ್ತಿನ ಜಾಗಕ್ಕೆ ಅಂಟಿಸಿದಳು.

"ನಿಮ್ಮ ವಿಷಯ ಆಮೇಲೆ ಮಾತಾಡ್ತೀನಿ," ಎಂದಳು ವರ್ನ್‌ಗೆ. ಅವನು ತಲೆಯಾಡಿಸಿದ. ಏನೇ ಬಂದರೂ ಸರಿ ಅನ್ನಿಸುವಷ್ಟು ಎದೆ ಹಗುರಾಗಿತ್ತು.

ಡ್ರಾಫ್ಟ್‌ನ ಮೂರನೇ ದಿನ ಮಧ್ಯಾಹ್ನ ಏಳನೇ ಸುತ್ತು ಬಂತು. ತಂಡದ ಸರದಿ ಬರುವಾಗ ಚೀಟಿ ಇನ್ನೂ ಹಲಗೆಯ ಮೇಲೇ ಇತ್ತು. ಪ್ರಿಸಿಲ್ಲಾ ಹೆಸರು ಬರೆದುಕೊಟ್ಟು, ಫೋನನ್ನು ವರ್ನ್ ಮುಂದೆ ಸರಿಸಿದಳು. ಹುಡುಗನಿಗೆ ಸುದ್ದಿ ಹೇಳುವ ಹಕ್ಕು ಅವನನ್ನು ಕಂಡುಕೊಂಡ ಸ್ಕೌಟ್‌ಗೇ ಸೇರಿದ್ದು.

"ನಾನು ಕಂಡ್ಕೊಂಡಿಲ್ಲ, ಕಳೆದಿದ್ದೆ," ಎಂದ ವರ್ನ್.

"ಬರೋ ಸೆಪ್ಟೆಂಬರ್‌ಗೆ ಮೂರು ಜನ ಹೊಸ ಸ್ಕೌಟ್‌ಗಳು ಸೇರ್ತಾರೆ. ಮೊದಲ ದಿನಾನೇ ಅವರನ್ನ ಬಟ್ಟೆ ಒಗೆಯೋ ಕೋಣೆಗೆ ಕರ್ಕೊಂಡು ಹೋಗಿ. ನಿಮ್ಮ ವಿಷಯ ಆಮೇಲೆ ಅಂದೆನಲ್ಲ, ಅದೇ ಇದು," ಎಂದಳು ಪ್ರಿಸಿಲ್ಲಾ. "ಈಗ ಫೋನ್ ಮಾಡಿ. ಪಾಪ, ಕಾಯ್ತಿರ್ತಾನೆ."

ವರ್ನ್ ನಂಬರ್ ಒತ್ತಿದ. ಫೋನಿನ ಆ ಕಡೆ ಹಲೋ ಎಂದ ದನಿ ಮೆತ್ತಗಿತ್ತು. ತಾನು ಯಾರು, ಯಾವ ತಂಡ ಎಂದು ವರ್ನ್ ಹೇಳಿದ. ಆ ಕಡೆ ಯಾರೋ ಅಳುವುದು, ಯಾರೋ ಕುಣಿಯುವುದು ಕೇಳಿಸಿತು. ಗದ್ದಲ ತಣ್ಣಗಾಗುವವರೆಗೆ ಕಾದು, ಅಕ್ಟೋಬರ್‌ನಲ್ಲಿ ತಾನು ಬರೆದದ್ದನ್ನೂ ಹೇಳಿ ಕ್ಷಮೆ ಕೇಳಿದ. "ಆ ಜೆರ್ಸಿ ಕೊಟ್ಟಿದ್ದಕ್ಕೆ ಇದೆಲ್ಲ ತಪ್ಪಿಹೋಗೋದ್ರಲ್ಲಿತ್ತಪ್ಪ. ಇಲ್ಲಿಗೆ ಬಂದ್ಮೇಲೆ ನಿನ್ನ ಜೆರ್ಸಿ ಯಾರಿಗೂ ಕೊಡ್ಬೇಡ, ಆಯ್ತಾ?"

"ಆಯ್ತು ಸರ್," ಎಂದ ಕೋಲ್ಬಿ. "ಆದ್ರೆ ಅವರದ್ದು ಹರಿದುಹೋಗಿದ್ರೆ?"

ವರ್ನ್ ನೋಟ್‌ಬುಕ್ ಎಳೆದುಕೊಂಡು, ಅಕ್ಟೋಬರ್‌ನ ಸಾಲನ್ನು ಹೊಡೆದುಹಾಕಿ, ಅದರ ಕೆಳಗೆ ಆ ಹುಡುಗ ಹೇಳಿದ್ದನ್ನು ಇದ್ದ ಹಾಗೇ ಬರೆದುಕೊಂಡ.