ಯುಗಾಂಡಕ್ಕೆ ಹೋದ ಎಂಟು ಇನ್‌ಕ್ಯುಬೇಟರು

ಬಡ ದೇಶಗಳ ಆಸ್ಪತ್ರೆಗಳಿಗೆ ಸಾಮಾನು ಕಳಿಸುವ ನಮ್ಮ ವಲಸೆ ಕನ್ನಡಿಗರ ಕಮಿಟಿಯಲ್ಲಿ ಆರು ಜನ ಡಾಕ್ಟರು, ಕಂಪ್ಯೂಟರ್ ಚಿಪ್ ಮಾಡುವ ಎಂಜಿನಿಯರು ನಾನೊಬ್ಬ, ಮತ್ತೆ ಪ್ರಫುಲ್ಲಾ. ಮಂಗಳೂರಿನವರು, ನೆವಾರ್ಕಿನಲ್ಲಿ ವಾಸ, ಒಂದು ಆಸ್ಪತ್ರೆಯ ಸ್ಟೋರ್ ರೂಮಿನಲ್ಲಿ ಕೆಲಸ. ಮೀಟಿಂಗಿನ ಉಪ್ಪಿಟ್ಟು ಅವರ ಪಾಲಿನದು ಎಂದು ನಾವೇ ತೀರ್ಮಾನಿಸಿಬಿಟ್ಟಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅದು 1987. ಯುದ್ಧದಲ್ಲಿ ನುಜ್ಜುಗುಜ್ಜಾದ ಯುಗಾಂಡ ಆಗಷ್ಟೇ ಚೇತರಿಸಿಕೊಳ್ಳುತ್ತಿತ್ತು. ಅಲ್ಲಿನ ಒಂದು ಆಸ್ಪತ್ರೆಗೆಂದು ಎಂಟು ಇನ್‌ಕ್ಯುಬೇಟರು ಸಂಪಾದಿಸಿದ್ದೆವು, ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡಲು. ಹಡಗು ಹೊರಡಲು ಹತ್ತೇ ದಿನ ಇತ್ತು.

"ಅಲ್ಲಿ ಕರೆಂಟು ಇನ್ನೂರ ನಲವತ್ತು ವೋಲ್ಟ್ ಉಂಟು ಡಾಕ್ಟ್ರೇ. ಇವು ಇಲ್ಲಿಯ ನೂರಿಪ್ಪತ್ತರ ಮಷಿನು, ಹಾಕಿದ ಕೂಡ್ಲೇ ಸುಟ್ಟು ಹೋಗ್ತದೆ," ಎಂದರು ಪ್ರಫುಲ್ಲಾ.

"ಅದೆಲ್ಲಾ ಅವರು ಅಡ್ಜಸ್ಟ್ ಮಾಡ್ಕೋತಾರಮ್ಮ," ಎಂದು ಅಧ್ಯಕ್ಷ ಡಾಕ್ಟರ್ ದ್ವಾರಕಾನಾಥ ಮುಂದಿನ ವಿಷಯಕ್ಕೆ ಹೋದರು. ನಾನೂ ತಲೆ ಆಡಿಸಿದೆ.

ಮರುದಿನ ನಾವೆಲ್ಲ ಸರಟೋಗಾದಲ್ಲಿ ಡಾಕ್ಟರ್ ದ್ವಾರಕಾನಾಥರ ಮನೆಯಲ್ಲಿ ಮತ್ತೆ ಸೇರಿದ್ದಾಗ ಪ್ರಫುಲ್ಲಾ ಉಪ್ಪಿಟ್ಟಿನ ಬದಲು ಮಂಗಳೂರಿನಿಂದ ತಂದಿದ್ದ ಮಿಕ್ಸಿ ಹಿಡಿದು ಬಂದರು. ತೆಂಗಿನಕಾಯಿ ಚೂರು ಹಾಕಿ ಗುಂಡಿ ಒತ್ತಿದರು. ಮಿಕ್ಸಿ ಗುರ್ ಎಂದು ನರಳಿತೇ ಹೊರತು ಕಾಯಿ ಅರೆಯಲಿಲ್ಲ.

"ಊರಿನ ಮಿಕ್ಸಿಗೆ ಇಲ್ಲಿ ಅರ್ಧ ಕರೆಂಟು, ಹಾಗಾಗಿ ನರಳ್ತದೆ. ನಿಮ್ಮ ಮಷಿನಿಗೆ ಅಲ್ಲಿ ಡಬ್ಬಲ್ ಸಿಗ್ತದೆ. ಒಳಗೆ ಮಗು ಇರ್ತದೆ, ಡಾಕ್ಟ್ರೇ."

ಎಂಜಿನಿಯರನಾದ ನಾನು ನೆಲ ನೋಡುತ್ತ ಕೂತೆ.

ಮುಂದಿನ ವಾರವಿಡೀ ಪ್ರಫುಲ್ಲಾ ಕೆಲಸ ಮುಗಿಸಿ ಫ್ರೀವೇ ಹಿಡಿದು ಹಳೇ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಗಳನ್ನು ಜಾಲಾಡಿದರು. ಇನ್ನೂರ ನಲವತ್ತನ್ನು ಅರ್ಧಕ್ಕಿಳಿಸುವ ಎಂಟು ಟ್ರಾನ್ಸ್‌ಫಾರ್ಮರು ಸಿಕ್ಕವು. ಒಂದೊಂದನ್ನೂ ಒಂದೊಂದು ಇನ್‌ಕ್ಯುಬೇಟರಿಗೆ ತಾವೇ ಬೋಲ್ಟು ಹಾಕಿ ಬಿಗಿದರು. ನಾನು ಸ್ಪ್ಯಾನರು ಹಿಡಿದು ಅವರು ಹೇಳಿದಂತೆ ಕೇಳಿದೆ. ಹಡಗು ಹೋಯಿತು. ನಾಲ್ಕು ತಿಂಗಳು ಸುದ್ದಿಯಿಲ್ಲ. ಪ್ರಫುಲ್ಲಾ ಪ್ರತಿ ಮೀಟಿಂಗಿನಲ್ಲೂ ಮೊದಲು ಕೇಳುತ್ತಿದ್ದದ್ದು ಅದನ್ನೇ.

ಕೊನೆಗೆ ಅಲ್ಲಿನ ಹೆಡ್ ನರ್ಸಿನ ಕಾಗದ ಬಂತು. ಡಾಕ್ಟರ್ ದ್ವಾರಕಾನಾಥರೇ ಗಟ್ಟಿಯಾಗಿ ಓದಿದರು. ಬೇರೆಯವರು ಕೊಟ್ಟಿದ್ದ ಮೂರು ಮಷಿನು ಮೊದಲ ದಿನವೇ ಸುಟ್ಟು, ಈಗ ಅವುಗಳ ಮೇಲೆ ಬಟ್ಟೆ ಒಣಹಾಕುತ್ತಾರಂತೆ. ನಮ್ಮವನ್ನೂ ಹೆದರುತ್ತಲೇ ಹಚ್ಚಿದರಂತೆ. ಎಂಟಕ್ಕೆ ಎಂಟೂ ಬೆಚ್ಚಗಾದವು. ಈವರೆಗೆ ಹತ್ತೊಂಬತ್ತು ಕೂಸುಗಳು ಅವುಗಳೊಳಗಿಂದ ಹೊರಬಂದು ತಾಯಂದಿರ ಜೊತೆ ಮನೆಗೆ ಹೋಗಿವೆ.

ನಾವೆಲ್ಲ ಚಪ್ಪಾಳೆ ತಟ್ಟಿದೆವು. ಪ್ರಫುಲ್ಲಾ ನಾಚದೆ ಅತ್ತರು. ಡಾಕ್ಟರ್ ದ್ವಾರಕಾನಾಥರು ಎದ್ದು ತಮ್ಮ ಕುರ್ಚಿಯನ್ನು ಅವರ ಕಡೆ ಎಳೆದರು.

"ಮುಂದೆ ಕಳಿಸೋ ಸಾಮಾನಿನ ಪಟ್ಟಿ ನೀವೇ ಹೇಳಿ, ಪ್ರಫುಲ್ಲಾ ಅವರೇ. ನಾನು ಬರ್ಕೋತೀನಿ."

ಪ್ರಫುಲ್ಲಾ ಕಣ್ಣೊರೆಸಿಕೊಂಡು ಆ ಕುರ್ಚಿಯಲ್ಲಿ ಕೂತು ಹೇಳಿದರು, ಡಾಕ್ಟರು ನಿಂತುಕೊಂಡೇ ಬರೆದುಕೊಂಡರು.