ತಂತಿ ನಡುವೆ ನಿಲ್ಲಿಸಿದವಳು

ನಮ್ಮಕ್ಕನಿಗೆ ಐವತ್ತನಾಲ್ಕು ವರ್ಷ. ಈ ವಯಸ್ಸಿನ ಹೆಂಗಸರು ಹೇಗಿರಬೇಕು ಎಂದು ಹೇಳುವವರಿಗೆ ನಮ್ಮ ಬೀದಿಯಲ್ಲಿ ಬರವಿಲ್ಲ. ಅಕ್ಕ ಒಬ್ಬರಿಗೂ ಸೊಪ್ಪು ಹಾಕಿದವಳಲ್ಲ. ಬೆಳಿಗ್ಗೆ ಕೆಲಸಕ್ಕೆ ಮೊದಲು ಒಂದು ಗಂಟೆ ಸಮುದ್ರಕ್ಕೆ ಹೋಗುತ್ತಾಳೆ. ಬಾಡಿ ಬೋರ್ಡ್ ಎಂಬ ಫೋಮಿನ ಹಲಗೆಯನ್ನು ಹೊಟ್ಟೆಯಡಿ ಇಟ್ಟುಕೊಂಡು ಅಲೆಯ ಮೇಲೆ ಜಾರಿ, ಒದ್ದೆ ತಲೆಯಲ್ಲೇ ಷೆಡ್ಡಿಗೆ ಹೋಗುತ್ತಾಳೆ. ನಾನು ಅವಳ ತಂಗಿ, ಹೊಲಿಗೆಯವಳು. ನನಗೆ ಈಜು ಬರುವುದಿಲ್ಲ, ಜಗಳ ಚೆನ್ನಾಗಿ ಬರುತ್ತದೆ. ಅದಕ್ಕೇ ಇದನ್ನು ನಾನೇ ಬರೆಯುತ್ತಿದ್ದೇನೆ.

ಷೆಡ್ ಎಂದರೆ ಆ ಹಲಗೆಗಳನ್ನೇ ಮಾಡುವ ಜಾಗ. ಉದ್ದನೆಯ ತಗಡಿನ ಕಟ್ಟಡ, ಒಂದು ಕಡೆ ಫೋಮಿನ ದಪ್ಪ ದಪ್ಪ ಗಟ್ಟಿಗಳು, ಇನ್ನೊಂದು ಕಡೆ ಅಂಟಿನ ಡಬ್ಬಗಳು, ನಡುವೆ ಅಕ್ಕನ ಮೇಜು. ಕಾದ ತಂತಿಯಿಂದ ಫೋಮನ್ನು ಹಲಗೆಯ ಆಕಾರಕ್ಕೆ ಕೊಯ್ಯುವುದು ಇಪ್ಪತ್ತಾರು ವರ್ಷಗಳಿಂದ ಅವಳ ಕೆಲಸ. ಆ ಕೆಲಸಕ್ಕೆ ಒಂದೇ ನಿಯಮ. ತಂತಿ ಒಂದು ಅಂಚಿನಲ್ಲಿ ಒಳಗೆ ಹೋದರೆ ಇನ್ನೊಂದು ಅಂಚಿನಲ್ಲೇ ಹೊರಗೆ ಬರಬೇಕು. ನಡುವೆ ಕೈ ತಡೆದರೆ ಅಲ್ಲೇ ಫೋಮ್ ಕರಗಿ ಗುಂಡಿ ಬೀಳುತ್ತದೆ, ಹಲಗೆ ಕಸಕ್ಕೆ. ಹೊಸಬರು ಯಾರೇ ಬರಲಿ, ಮೇಸ್ತ್ರಿ ಮೊದಲು ಹೇಳುವ ಮಾತು ಒಂದೇ: "ಸೀನು ಬಂದ್ರೂ ತಂತಿ ನಿಲ್ಲಿಸ್ಬೇಡಿ."

ಈ ಮೇಸ್ತ್ರಿಯೇ ಅಕ್ಕನನ್ನು ನೀರಿಗಿಳಿಸಿದ್ದು. ಕೆಲಸಕ್ಕೆ ಸೇರಿದ ಮೂರನೇ ವರ್ಷ ಏನೋ ತಕರಾರಾಗಿ, "ಇಷ್ಟು ಕೊಯ್ದಿದ್ದೀಯಲ್ಲ, ಒಂದಾದ್ರೂ ಹತ್ತಿ ನೋಡಿದ್ದೀಯಾ?" ಎಂದು ಹಂಗಿಸಿದ. ಮರುದಿನ ಅವಳು ಮೂಲೆ ಸುಟ್ಟ ಒಂದು ಹಲಗೆ ಎತ್ತಿಕೊಂಡು ಸಮುದ್ರಕ್ಕೆ ಹೋದಳು. ಕಿವಿ, ಮೂಗು, ಬಾಯಿ ಎಲ್ಲಾ ಉಪ್ಪುನೀರು ತುಂಬಿಕೊಂಡು ಬಂದು ಮಲಗಿದಳು. ಅದರ ಮರುದಿನ ಮತ್ತೆ ಹೋದಳು. ಆಮೇಲೆ ನಿಲ್ಲಿಸಿದ್ದೇ ಇಲ್ಲ. ಭಾವ ಬಸ್ ಓಡಿಸುತ್ತಿದ್ದವರು, ಈಗ ನಿವೃತ್ತರು. ಅವರು ಮರಳಿನ ಮೇಲೆ ಟವೆಲ್ ಹಿಡಿದು ಕೂರುತ್ತಾರೆ. ನೀರಿಗೆ ಮಾತ್ರ ಜಪ್ಪಯ್ಯ ಅಂದರೂ ಇಳಿಯುವುದಿಲ್ಲ.

ಎರಡು ವರ್ಷದ ಹಿಂದೆ ಅಕ್ಕ ಷೆಡ್ಡಿನ ಏಣಿಯಿಂದ ಬಿದ್ದಳು. ಬಲಭುಜ ಮುರಿದು, ಒಳಗೆ ಪ್ಲೇಟು ಕೂರಿಸಿದರು. ಮೂಳೆ ಕೂಡಿತು, ಆ ಕೈಗೆ ಹಿಡಿತ ಬರಲಿಲ್ಲ. ತಂತಿ ತಳ್ಳುವುದಕ್ಕೆ ಎಡಗೈ ಸಾಕಿತ್ತು. ಆದರೆ ಅಲೆಯ ಮೇಲೆ ಎಡಕ್ಕೆ ಓರೆಯಾಗಿ ಹೋಗಬೇಕೆಂದರೆ ಎಡ ಮೊಳಕೈ ಹಲಗೆಗೆ ಒತ್ತಿ, ಬಲಗೈಯಿಂದ ಅದರ ಬಲ ಅಂಚನ್ನು ಮೇಲಕ್ಕೆಳೆದು ಹಿಡಿಯಬೇಕು. ಹಾಗೆ ಎಳೆಯುವ ಕೈ ಇಲ್ಲದಿದ್ದರೆ ಹಲಗೆಯ ಹಿಂಭಾಗ ನೀರನ್ನು ಕಚ್ಚುವುದಿಲ್ಲ, ಸೋಪಿನ ಹಾಗೆ ಪಕ್ಕಕ್ಕೆ ಜಾರುತ್ತದೆ. ಒಂದು ದಿನ ಹಾಗೇ ಜಾರಿ, ಸ್ನಾನಕ್ಕೆ ಇಳಿದಿದ್ದವರ ನಡುವೆ ಅಡ್ಡಡ್ಡ ನುಗ್ಗಿ, ಬ್ಯಾಂಕಿನ ಗುಮಾಸ್ತನೊಬ್ಬನ ಮಂಡಿಗೆ ಬಡಿಯಿತು. ಮಂಡಿ ಊದಿತು. ಅವನ ಬಾಯಿ ಅದಕ್ಕಿಂತ ಜೋರಾಗಿತ್ತು.

ತೀರದ ಕಾವಲುಗಾರರ ಮುಖ್ಯಸ್ಥನನ್ನು ನಾವೆಲ್ಲ ದೊಡ್ಡ ಸೀಟಿ ಎನ್ನುತ್ತೇವೆ. ಅವನು ಬಂದು ಕಡ್ಡಿ ಮುರಿದಂತೆ ಹೇಳಿದ: "ಅಮ್ಮಾ, ಇನ್ನು ಮೇಲೆ ಮೊಣಕಾಲಿಗಿಂತ ಆಳಕ್ಕೆ ಹಲಗೆ ತಗೊಂಡು ಹೋಗೋ ಹಾಗಿಲ್ಲ. ನಿಮ್ಮ ಕೈ ನಿಮ್ಮ ಮಾತು ಕೇಳ್ತಿಲ್ಲ."

"ಕೇಳಿದ್ರೆ ಬಿಡ್ತೀಯಾ?" ಎಂದಳು ಅಕ್ಕ.

ಪೀಡೆ ತೊಲಗಲಿ ಎಂದೋ ಏನೋ ಅವನು ಒಂದು ಷರತ್ತು ಹಾಕಿದ. ಕೆಂಪು ಬಾವುಟದಿಂದ ಹಳದಿ ಬಾವುಟದವರೆಗೆ ಹಲಗೆಯವರ ಜಾಗ, ಹಳದಿಯ ಆಚೆ ಸ್ನಾನದವರದು. ಕೆಂಪಿನ ಹತ್ತಿರ ಅಲೆ ಹಿಡಿದು, ಎಡಕ್ಕೆ ಓರೆಯಾಗಿ ಹಳದಿಯ ನೇರಕ್ಕೆ ಬಂದು ನಿಲ್ಲಬೇಕು, ದಾಟಬಾರದು. ಮೂರು ಸಲ ಬೆನ್ನುಬೆನ್ನಿಗೆ. ತಿಂಗಳ ಕೊನೆಯ ಭಾನುವಾರ ಪರೀಕ್ಷೆ. ತಪ್ಪಿದರೆ ಮತ್ತೆ ಕೇಳಕೂಡದು.

ಅಂದು ಮನೆಗೆ ಬಂದು ಅಕ್ಕ ಅತ್ತಳು. ನಮ್ಮಮ್ಮ ಹೋದಾಗ ಬಿಟ್ಟರೆ ನಾನು ಅವಳನ್ನು ಹಾಗೆ ನೋಡಿರಲಿಲ್ಲ. "ಆ ಒಂದು ಗಂಟೆ ನಂದು ಕಣೇ. ಉಳಿದ ದಿನವೆಲ್ಲಾ ಬೇರೆಯವರದ್ದು," ಎಂದಳು. ಸೀಟಿಯವನ ಮನೆಗೇ ಹೋಗಿ ಬೈದು ಬರುತ್ತೇನೆ ಎಂದು ಚಪ್ಪಲಿ ಮೆಟ್ಟಿದೆ. ಭಾವ ಬಾಗಿಲಿಗೆ ಅಡ್ಡ ನಿಂತರು.

ಮರುದಿನ ಅವಳು ಮೇಸ್ತ್ರಿಯನ್ನು ಕೇಳಿದಳು. ಹಲಗೆಯ ಅಡಿ ಹೀಗೆ ನುಣ್ಣಗಿದ್ದರೆ ನೀರು ಹಿಡಿಯುವುದು ಎಲ್ಲಿ, ಉದ್ದಕ್ಕೆ ಎರಡು ಕಾಲುವೆ ಕೊರೆದರೆ ನೀರು ಅದರೊಳಗೆ ಓಡಿ ಹಿಂಭಾಗವನ್ನು ಹಿಡಿದುಕೊಳ್ಳುವುದಿಲ್ಲವೇ ಎಂದು. ಮೇಸ್ತ್ರಿ ಮುಖ ಗಂಟಿಕ್ಕಿದ. "ನಮ್ಮ ಹಲಗೆ ಅಡಿ ಕನ್ನಡಿ ಇದ್ದ ಹಾಗಿರ್ಬೇಕು. ನಿನ್ನ ಕೈ ಸೊಟ್ಟ ಅಂತ ಹಲಗೆ ಸೊಟ್ಟ ಮಾಡ್ಬೇಕಾ?"

ಎಸೆಯುವ ಫೋಮಿನಲ್ಲಿ ಅಕ್ಕ ಎರಡು ಗಟ್ಟಿಗಳನ್ನು ಕೇಳಿ ಮನೆಗೆ ತಂದಳು. ಭಾವ ಹಳೆಯ ಬಸ್ಸಿನ ಬ್ಯಾಟರಿ ತಂದು, ಬಗ್ಗಿಸಿದ ತಂತಿಯೊಂದನ್ನು ಮರದ ಹಿಡಿಗೆ ಕಟ್ಟಿ ಜೋಡಿಸಿಕೊಟ್ಟರು. ಹಲಗೆಯ ಅಡಿಭಾಗಕ್ಕೆ ಹಾಕುವ ಪ್ಲಾಸ್ಟಿಕ್ ಹಾಳೆಯನ್ನು ಕಾಲುವೆಯೊಳಗೆ ಒತ್ತಿ ಕೂರಿಸಲು ನನ್ನ ಇಸ್ತ್ರಿ ಪೆಟ್ಟಿಗೆ ಬಲಿಯಾಯಿತು. ಅದರ ತಳಕ್ಕೆ ಮೆತ್ತಿಕೊಂಡದ್ದು ಇವತ್ತಿಗೂ ಬಿಟ್ಟಿಲ್ಲ. ಗಿರಾಕಿಯ ಬಿಳಿ ಅಂಗಿಯೊಂದಕ್ಕೆ ಕಪ್ಪು ಗೆರೆ ಬಂದು ನಾನು ಉಗಿಸಿಕೊಂಡದ್ದು ಬೇರೆ.

ಸಮುದ್ರಕ್ಕೆ ಇಳಿಯುವ ಹಾಗಿಲ್ಲ, ಹಾಗಾದರೆ ಹಲಗೆಯನ್ನು ನೋಡುವುದೆಲ್ಲಿ? ಊರ ಹಿಂದಿನ ನಾಲೆಯಲ್ಲಿ. ಭಾವನ ಸ್ಕೂಟರಿಗೆ ಹಗ್ಗ ಕಟ್ಟಿ, ಅವರು ದಂಡೆಯ ಮೇಲೆ ಓಡಿಸುವುದು, ಅಕ್ಕ ನೀರಿನಲ್ಲಿ ಹಲಗೆ ಮೇಲೆ ಮಲಗಿ ಬರುವುದು. ಮೊದಲ ದಿನ ಹಲಗೆ ಒಂದಿಷ್ಟೂ ಪಕ್ಕಕ್ಕೆ ಜಾರಲಿಲ್ಲ. ನಾನು ದಂಡೆಯ ಮೇಲೆ ಕುಣಿದೆ. ಆದರೆ ನಾಲೆ ತಿರುಗುವಲ್ಲಿ ಹಲಗೆ ತಿರುಗಲಿಲ್ಲ. ಅಕ್ಕ ಹಗ್ಗ ಬಿಟ್ಟು ನೆಟ್ಟಗೆ ಹೋಗಿ ಎದುರು ದಂಡೆಯ ಕೆಸರಿಗೆ ಮುಖ ಕೊಟ್ಟಳು.

"ರೀ, ಇದು ರೈಲಾಗಿದೆ," ಎಂದಳು, ಕೆಸರು ಉಗಿಯುತ್ತಾ.

"ಬಸ್ಸು ತಿರುಗೋದು ಮುಂದಿನ ಗಾಲಿಯಿಂದ. ಹಿಂದಿನದು ಬರೀ ಹಿಂಬಾಲಿಸ್ಬೇಕು," ಎಂದರು ಭಾವ. "ನಿನ್ನದು ಮುಂದೂ ಹಿಡ್ಕೊಂಡಿದೆ, ಹಿಂದೂ ಹಿಡ್ಕೊಂಡಿದೆ. ಎಲ್ಲಿಗೆ ತಿರುಗತ್ತೆ?"

ಅಕ್ಕ ಹಲಗೆಯನ್ನು ಮಗುಚಿ ಹಾಕಿ ಬಹಳ ಹೊತ್ತು ನೋಡಿದಳು. ಕಾಲುವೆಗಳು ಮೂಗಿನಿಂದ ಬಾಲದವರೆಗೆ ಉದ್ದಕ್ಕೂ ಹೋಗಿದ್ದವು. ಹಾಗೆ ಕೊರೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಇಪ್ಪತ್ತಾರು ವರ್ಷ ಅಂಚಿನಿಂದ ಅಂಚಿಗೆ ತಂತಿ ಎಳೆದ ಕೈಗೆ ನಡುವೆ ನಿಲ್ಲಬಹುದು ಎಂಬುದೇ ಹೊಳೆದಿರಲಿಲ್ಲ. ಹಿಡಿತ ಬೇಕಾದದ್ದು ಸೊಂಟದಿಂದ ಹಿಂದಕ್ಕೆ ಮಾತ್ರ. ಮುಂಭಾಗ ನುಣ್ಣಗೇ ಇರಬೇಕು, ತಿರುಗುವುದಕ್ಕೆ.

ಉಳಿದಿದ್ದದ್ದು ಒಂದೇ ಗಟ್ಟಿ. ನಿಂತಲ್ಲಿ ತಂತಿ ಗುಂಡಿ ಕೊರೆಯುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಐದು ದಿನ ಚೂರುಪಾರು ಫೋಮಿನ ಮೇಲೆ ಅಭ್ಯಾಸ ಮಾಡಿದಳು. ಬಾಲದಿಂದ ಒಳಗೆ ಹೋಗಿ, ನಿಲ್ಲದೆ, ನಿಧಾನಕ್ಕೆ ಕೈ ಎತ್ತುತ್ತಾ ಎತ್ತುತ್ತಾ ತಂತಿಯನ್ನು ನಡುವೆಯೇ ಮೇಲಕ್ಕೆ ತರುವುದು. ಅಡಿಗೆಮನೆ ತುಂಬ ಸುಟ್ಟ ವಾಸನೆ. ಪಕ್ಕದ ಮನೆಯವರು ಬಾಗಿಲು ಬಡಿದು, "ತಲೆಗಿಲೆ ಕೆಟ್ಟಿದ್ಯಾ ನಿಮಗೆ?" ಎಂದರು. "ಹೌದು, ಇನ್ನೆರಡು ದಿನ ಕೆಡುತ್ತೆ," ಎಂದು ನಾನೇ ಹೇಳಿ ಬಾಗಿಲು ಹಾಕಿದೆ. ಆರನೇ ದಿನ ಅವಳು ಆ ಕೊನೆಯ ಗಟ್ಟಿಯ ಮೇಲೆ ತಂತಿ ಇಟ್ಟಳು. ನಾನು ಗೋಡೆಯ ಕಡೆ ತಿರುಗಿ ನಿಂತೆ. ಭಾವ "ಮುಗೀತು" ಎಂದಾಗ ತಿರುಗಿ ನೋಡಿದೆ. ಎರಡು ಕಾಲುವೆಗಳು ನಡುವಿನವರೆಗೆ ಬಂದು ತೆಳ್ಳಗಾಗಿ ಮಾಯವಾಗಿದ್ದವು. ನಾಲೆಯಲ್ಲಿ ಆ ಹಲಗೆ ಹೇಳಿದ ಕಡೆ ತಿರುಗಿತು, ಬಾಲ ಬಿಡಲಿಲ್ಲ.

ಭಾನುವಾರ ತೀರದಲ್ಲಿ ಜನ ಸೇರಿದ್ದರು. ನಮ್ಮ ಬೀದಿಯ ಬುದ್ಧಿವಂತರೂ ಬಂದಿದ್ದರು, ಬೀಳುವುದನ್ನು ನೋಡಲು. ಮೊದಲ ಅಲೆಯಲ್ಲಿ ಅಕ್ಕ ಗೆರೆ ಎಳೆದ ಹಾಗೆ ಹಳದಿ ಬಾವುಟದ ನೇರಕ್ಕೆ ಬಂದು ನಿಂತಳು. ಎರಡನೆಯದೂ ಹಾಗೇ. ಮೂರನೆಯದು ದೊಡ್ಡ ಅಲೆ. ಅವಳು ಅರ್ಧ ದಾರಿ ದಾಟಿದ್ದಳು. ಅಷ್ಟರಲ್ಲಿ ಸ್ನಾನದವರ ಕಡೆಯಿಂದ ಟೈರಿನ ಟ್ಯೂಬಿನಲ್ಲಿ ತೇಲುತ್ತಿದ್ದವನೊಬ್ಬ ಬಾವುಟದ ಈಚೆಗೆ ಬಂದುಬಿಟ್ಟ. ಅಕ್ಕ ಎಡಗೈಯಿಂದ ಅಂಚನ್ನು ಸೆಳೆದು ಗಕ್ಕನೆ ಬಲಕ್ಕೆ ತಿರುಗಿದಳು. ಹಲಗೆ ಅಲೆಯ ಬೆನ್ನೇರಿ ಆಚೆಗೆ ಇಳಿಯಿತು. ಟ್ಯೂಬಿನವನಿಗೆ ಏನಾಯಿತೆಂದೇ ಗೊತ್ತಾಗಲಿಲ್ಲ.

ಅವಳು ದಡಕ್ಕೆ ಬಂದಾಗ ದೊಡ್ಡ ಸೀಟಿ ತಲೆಯಾಡಿಸಿದ. "ಮೂರನೇದು ಸೇರೋದಿಲ್ಲಮ್ಮ. ಬಾವುಟದವರೆಗೆ ಬರಲಿಲ್ಲ. ಷರತ್ತು ಅಂದ್ರೆ ಷರತ್ತು."

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನನ್ನು ಹಿಂದಕ್ಕೆ ಸರಿಸಿದಳು. "ತಮ್ಮಾ, ಬಾವುಟ ಮುಟ್ಲಿ ಅಂತ ಪರೀಕ್ಷೆ ಇಟ್ಟಿದ್ಯಾ, ಜನಕ್ಕೆ ಹೊಡೀಬಾರ್ದು ಅಂತ ಇಟ್ಟಿದ್ಯಾ?"

"ಅದು ಸರಿನೇ. ಆದ್ರೂ ನಿಮ್ಮ ಕೈ..."

"ಕೈ ಸರಿಹೋಗಿಲ್ಲ, ಹೋಗೋದೂ ಇಲ್ಲ. ಅದಕ್ಕೇ ಹಲಗೆ ಸರಿಮಾಡ್ಕೊಂಡಿದ್ದೀನಿ. ನಾಳೆ ಬರ್ತೀನಿ, ನಾಡಿದ್ದೂ ಬರ್ತೀನಿ. ಪರೀಕ್ಷೆಗಲ್ಲ."

ಅವನು ಭಾವನ ಕಡೆ ತಿರುಗಿದ. "ಯಜಮಾನ್ರೇ, ನೀವಾದ್ರೂ ಹೇಳಿ."

ಭಾವ ಟವೆಲ್ ಮಡಚುತ್ತಾ ಹೇಳಿದರು: "ಮೂವತ್ತು ವರ್ಷ ಬಸ್ ಓಡಿಸಿದ್ದೀನಪ್ಪ. ಅಡ್ಡ ಬಂದೋನನ್ನ ಉಳಿಸೋಕೆ ತಿರುಗಿಸಿದ್ರೆ, ಸ್ಟಾಪ್ ತಪ್ಪಿಸ್ದೆ ಅಂತ ಯಾರೂ ಲೈಸೆನ್ಸ್ ಕಿತ್ಕೊಳ್ಳಲಿಲ್ಲ."

ಅಕ್ಕ ಉತ್ತರಕ್ಕೆ ಕಾಯಲಿಲ್ಲ. ಹಲಗೆಯನ್ನು ಎಡ ಕಂಕುಳಲ್ಲಿ ಇರುಕಿಕೊಂಡು ಮತ್ತೆ ನೀರಿಗೆ ನಡೆದಳು. ಮೊಣಕಾಲು ದಾಟಿದಳು. ಸೊಂಟ ದಾಟಿದಳು. ದೊಡ್ಡ ಸೀಟಿ ನನ್ನ ಮುಖ ನೋಡಿದ.

"ಕರೀರಿ ನೋಡೋಣ, ಬರ್ತಾಳಾ ಅಂತ," ಎಂದೆ.

ಅವನು ಕರೆಯಲಿಲ್ಲ.