ಸುಳ್ಳು ಹೇಳಿ ಉಳಿಸಿಕೊಂಡ ಕೌದಿ

ಇವತ್ತು ಟ್ರಂಕಿನ ಮುಚ್ಚಳ ತೆಗೆದದ್ದೇ ತಡ, ಒಣಗಿದ ಬೇವಿನೆಲೆಯ ವಾಸನೆ ಮೂಗಿಗೆ ಬಡಿಯಿತು. ಅಡಿಯಲ್ಲಿ ಹಳೆ ಸೀರೆಗಳ ತುಂಡು ಕೂಡಿಸಿ ಅವ್ವ ಹೊಲಿದ ಹೊದಿಕೆ, ಕೌದಿ. ಅದನ್ನು ಕಂಡರೆ ನನಗೆ ಅವ್ವನಿಗಿಂತ ಮೊದಲು ವಿಮಲಾ ನೆನಪಾಗುತ್ತಾಳೆ ಎಂದರೆ ನೀವು ನಗಬಹುದು.

ವಿಮಲಾ ಬ್ಯಾಡಗಿಯ ದೊಡ್ಡ ಮೆಣಸಿನಕಾಯಿ ವ್ಯಾಪಾರಿಯ ಮಗಳು. ರಾಣೇಬೆನ್ನೂರಿನ ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು. ಎಂಬತ್ತರ ದಶಕದ ಕೊನೆಗೆ ನಾನು ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿದ್ದರೆ, ಅವಳು ಕಾರಿನಲ್ಲಿ ಹಳ್ಳಿ ಹಳ್ಳಿ ತಿರುಗಿ ಹಳೆಯ ಕೌದಿ, ಕೂಸುಗಳ ಕುಲಾಯಿ, ಕಸೂತಿ ಸೀರೆ ಕೂಡಿಸುತ್ತಿದ್ದಳು. ಆ ಚಿತ್ತಾರಗಳನ್ನು ನೋಡಿ ತಾನೇ ಹೊಸ ಸೀರೆಗಳ ವಿನ್ಯಾಸ ಮಾಡುತ್ತಿದ್ದಳು. ಅವಳ ಕಾರು, ಕತ್ತರಿಸಿದ ಕೂದಲು, ಧೈರ್ಯ, ಎಲ್ಲದರ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು. ಅದು ಬೆಳಗಿನ ಚಹಾದಷ್ಟೇ ರೂಢಿಯಾಗಿದ್ದರಿಂದ ಅಂಥ ತ್ರಾಸೇನೂ ಕೊಡುತ್ತಿರಲಿಲ್ಲ.

ತ್ರಾಸು ಶುರುವಾದದ್ದು ಅವಳನ್ನು ಕುಪ್ಪೇಲೂರಿನ ನಮ್ಮ ಮನೆಗೆ ಕರೆದೊಯ್ದ ದಿನ. ಅವ್ವ ಮಿತಭಾಷಿ. ವಿಮಲಾ ನೆಲದ ಮೇಲೆ ಕುಳಿತು, ಕೌದಿಯ ಹಸಿರು ತುಂಡೊಂದನ್ನು ಸವರಿ, "ಇದು ಯಾರ ಸೀರೀದ್ರಿ ಅವ್ವಾರ?" ಎಂದಳು.

"ನನ್ನ ತಂಗೀದವಾ. ಮದಿವಿ ಆದ ವರ್ಷನ ಜ್ವರ ಬಂದು ಹೋದ್ಲು. ಉಳಿದದ್ದು ಮುಂದಿನ ಸಲ ಹೇಳ್ತೇನಿ, ಬಾ."

ಅವ್ವನಿಗೊಬ್ಬ ತಂಗಿ ಇದ್ದಳೆಂದು ಮೂವತ್ತು ವರ್ಷ ಮಗಳಾಗಿದ್ದ ನನಗೇ ಗೊತ್ತಿರಲಿಲ್ಲ! ವಿಮಲಾ ಹೋದ ಮೇಲೆ, "ನನಗ್ಯಾಕ ಹೇಳ್ಲಿಲ್ಲಬೇ?" ಎಂದೆ.

"ನೀ ಎಂದರ ಕೇಳೀಯೇನು?" ಎಂದು ಅವ್ವ ಒಲೆಯ ಕಡೆ ತಿರುಗಿದಳು.

ಮರುವರ್ಷ ವಿಮಲಾ ಕೌದಿಗಳ ಬಗ್ಗೆ ಪುಸ್ತಕ ಬರೆಯಲು ಹೊರಟಳು. ಅವ್ವನ ಕೌದಿಯ ಫೋಟೋ ತೆಗೆಯಲು, ಅವಳ ಮಾತು ಬರೆದುಕೊಳ್ಳಲು ಬರುತ್ತೇನೆಂದು ನನಗೆ ಕಾಗದ ಹಾಕಿದಳು. "ಕೌದಿ ಇಲಿ ಕಡಿದು ಹಾಳಾಗಿದೆ, ಅವ್ವನಿಗೂ ಆರಾಮಿಲ್ಲ, ಬರಬೇಡ" ಎಂದು ಉತ್ತರಿಸಿದೆ. ಎರಡೂ ಸುಳ್ಳು. ಪುಸ್ತಕ ಬಂತು, ಅವಳಿಗೆ ಹೆಸರೂ ಬಂತು. ಅವ್ವ ಮಾತ್ರ ಸಾಯುವವರೆಗೂ ಆಗಾಗ ಕೇಳುತ್ತಿದ್ದಳು: "ನಿನ್ನ ಗೆಳತಿ ಮತ್ತ ಯಾಕ ಬರ್ಲಿಲ್ಲ?" ಉಳಿದ ತುಂಡುಗಳ ಕತೆಯನ್ನು ನಾನಾದರೂ ಕೇಳಬಹುದಿತ್ತು. ಬಿಗುಮಾನ ಬಿಡಲಿಲ್ಲ. ಆ ಕತೆಗಳು ಅವ್ವನೊಂದಿಗೇ ಹೋದವು.

ಇವತ್ತು ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ವಿಮಲಾಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ.

"ಕಪಾಟು ತುಂಬ ಕೌದಿ ಅದಾವ ನನ್ನ ಕಡೆ," ಎಂದಳು ಅವಳು. "ಒಂದೂ ನಮ್ಮವ್ವ ಹೊಲಿದದ್ದಲ್ಲ. ಅವತ್ತು ನಿಮ್ಮನಿಯಿಂದ ಬರೂವಾಗ ನನಗೆಷ್ಟು ಹೊಟ್ಟಿ ಉರೀತು, ಗೊತ್ತೇನು ನಿನಗ?"

ನಾನು ಕೌದಿಯ ಆ ಹಸಿರು ತುಂಡನ್ನು ಸವರಿದೆ.

"ಈಗರ ಬಾ," ಎಂದೆ. "ತೋರಸ್ತೇನಿ. ಆದ್ರ ಕೊಡೂದಿಲ್ಲ."